ಕರಿ ಬಾಟ್ಲಿ ಮತ್ತು "ಪತ್ತೆಯಾಗಿಲ್ಲ"

ಬ್ಲಾಗಿನ ಕಡೆ ತಲೆ ಹಾಕಿ ಎರಡು ತಿಂಗಳ ಮೇಲಾಯ್ತು. ಆಫೀಸಿನಲ್ಲಿ ರಿಲೀಸು, ಊರಿಗೆ ಓಡಾಟ... ನೆಪಗಳಿಗೇನು ಬರ ಇಲ್ಲ ಬಿಡಿ :-) ಆದರೆ ಈ ಸಲ ಊರಿಗೆ ಹೋದಾಗ ನಡೆದ ಒಂದು ಸಂಗತಿ ತಲೆಯಲ್ಲಿ ಕೊರೀತಾನೇ ಇದೆ. ಅದನ್ನು ಬರೆದು ಇಳಿಸದೆ ಬೇರೇನೂ ಬರೆಯೋಕೆ ಆಗಲ್ಲ ಅನ್ನಿಸಿ ಇವತ್ತು ಕೂತಿದ್ದೇನೆ. ಸ್ವಲ್ಪ ಉದ್ದ ಇದೆ. ಚಹಾ ಇಟ್ಕೊಂಡು ಓದಿ.

ನಮ್ಮೂರು ಸಂತಪುರ. ಬೀದರ್ ಜಿಲ್ಲೆ, ಔರಾದ ತಾಲ್ಲೂಕು. ಬೆಂಗಳೂರಿನವರಿಗೆ ಬೀದರ್ ಅಂದರೇನೇ ಭೂಪಟದ ಆ ತುದಿ, ಸಂತಪುರ ಅದಕ್ಕೂ ಆಚೆ. ಪಂಚಮಿಗೆ ಹೋಗಿದ್ದೆ. ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಮದುವೆಯಾಗಿ ಹೋದವರೆಲ್ಲ ತವರಿಗೆ ಬರ್ತಾರೆ, ಉಂಡಿ, ಜೋಕಾಲಿ, ಗದ್ದಲ. ನಮ್ಮ ಅಕ್ಕನೂ ಬಂದಿದ್ದಳು. ಅವಳನ್ನು ಕೊಟ್ಟ ಊರು ಸಂತಪುರದಿಂದ ದೂರವೇನಿಲ್ಲ. ಹೆಸರು ಬೇಡ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

2019ರ ಆಗಸ್ಟ್ 15ರಂದು ಜಲಜೀವನ ಮಿಷನ್ ಶುರುವಾಯ್ತಲ್ಲ, ನಮ್ಮ ರಾಜ್ಯದಲ್ಲಿ "ಮನೆ ಮನೆಗೆ ಗಂಗೆ" ಅಂತ ಹೆಸರು. ಅದರಲ್ಲಿ ನಲ್ಲಿ ಹಾಕೋದಷ್ಟೇ ಅಲ್ಲ, ಪ್ರತಿ ಹಳ್ಳಿಯಲ್ಲಿ ಐದು ಜನರಿಗೆ, ಆದಷ್ಟು ಮಹಿಳೆಯರಿಗೇ, ನೀರು ಪರೀಕ್ಷೆ ಮಾಡುವ ತರಬೇತಿ ಕೊಟ್ಟು ಒಂದು ಕಿಟ್ ಕೊಡುವ ಯೋಜನೆಯೂ ಇದೆ. ಅಕ್ಕ ಅವರ ಊರಿನ ಐದು ಜನರಲ್ಲಿ ಒಬ್ಬಳು. ಹತ್ತನೇತ್ತ ಓದಿದವಳು. ತರಬೇತಿಗೆ ಹೋಗಿ ಬಂದ ದಿನ ಫೋನ್ ಮಾಡಿ ಒಂದು ತಾಸು ಮಾತಾಡಿದ್ದಳು, ಅಷ್ಟು ಖುಷಿ. ಹಾಗಾಗಿ ಸಹಜವಾಗೇ ಕೇಳಿದೆ:

"ಏನಕ್ಕಾ, ನಿನ್ನ ಲ್ಯಾಬ್ ಹ್ಯಾಂಗ್ ನಡದದ?"

"ಲ್ಯಾಬಿಲ್ಲ ಗೀಬಿಲ್ಲ. ಆ ಡಬ್ಬಿ ಮಾಡದಾಗ ಒತ್ತಿ ಇಟ್ಟೀನಿ. ಇನ್ನ ಅದರ ಹೆಸರು ತೆಗಿಬ್ಯಾಡ ತಮ್ಮಾ."

ಆಗಿದ್ದು ಇಷ್ಟು. ಮುಂಗಾರಿನ ಮೊದಲ ದೊಡ್ಡ ಮಳೆಗಳಾದ ಮೇಲೆ ಅವಳು ಗುಡಿ ಮುಂದಿನ ಬೋರಿಂಗಿನ (ಅಂದರೆ ಕೈಪಂಪಿನ) ನೀರು ಪರೀಕ್ಷೆ ಮಾಡಿದ್ದಾಳೆ. ಬಾಟ್ಲಿಯಲ್ಲಿ ನೀರು ತುಂಬಿ ಇಟ್ಟರೆ ಮರುದಿನಕ್ಕೆ ಕಪ್ಪಾಗಿದೆ. ಕಪ್ಪಾದರೆ ನೀರು ಕೆಟ್ಟಿದೆ ಅಂತ ತರಬೇತಿಯಲ್ಲಿ ಹೇಳಿದ್ದರು. ಮನೆ ಮನೆಗೆ ಹೋಗಿ "ಕುದಿಸಿ ಆರಿಸಿ ಕುಡೀರಿ" ಅಂತ ಹೇಳಿದ್ದಾಳೆ. ಕೆಲವರು ಕೇಳಿದರು, ಕೆಲವರಿಗೆ ಸಿಟ್ಟು ಬಂತು. ಕಡೆಗೆ ಅದೇ ನೀರು ಒಂದು ಪ್ರಯೋಗಾಲಯಕ್ಕೆ ಹೋಯ್ತು. ಹತ್ತು ದಿನಕ್ಕೆ ವರದಿ ಬಂತು, "ಇ. ಕೋಲೈ: ಪತ್ತೆಯಾಗಿಲ್ಲ".

ಮುಗೀತು. ಊರಲ್ಲಿ ಅವಳಿಗೆ "ಕರಿ ಬಾಟ್ಲಿ ಬಾಯಿ" ಅಂತ ಹೆಸರಾಯ್ತು. "ಲ್ಯಾಬಿನವರಿಗಿಂತ ನೀನೇ ಶಾಣ್ಯಾಕಿ ಏನು?" ಅಂತ ಹಿರಿಯರೊಬ್ಬರು ಎಲ್ಲರ ಎದುರಿಗೆ ಕೇಳಿದರಂತೆ.

ಈಗ ನನ್ನ ತಪ್ಪು ಒಪ್ಪಿಕೊಳ್ತೀನಿ. ನಾನೂ ನಕ್ಕುಬಿಟ್ಟೆ. "ಹಂತಾ ಸಣ್ಣ ಕಿಟ್‌ನಾಗ ತಪ್ಪು ಇರ್ತಾವ ಬಿಡಕ್ಕಾ" ಅಂದೆ. ಅವಳು ಉಂಡಿ ಕಟ್ಟೋದು ನಿಲ್ಲಿಸಿ ಒಂದು ಸಲ ನನ್ನ ಮುಖ ನೋಡಿದಳು. "ಇಂಜಿನಿಯರ ಆಗಿ ನೀನೂ ಹಂಗೇ ಅಂತಿ?" ಅಷ್ಟೇ. ಮತ್ತೆ ಮಾತಾಡಲಿಲ್ಲ.

ರಾತ್ರಿ ನಿದ್ದೆ ಬರಲಿಲ್ಲ. ಯಾಕಂದರೆ ನನ್ನ ಕೆಲಸವೇ ಟೆಸ್ಟಿಂಗ್. ಟೆಸ್ಟ್ ಫೇಲ್ ಆದಾಗ "ಟೆಸ್ಟೇ ಸರಿ ಇಲ್ಲ ಬಿಡು" ಅಂತ ತಳ್ಳಿಹಾಕಿದವರಿಗೆ ಬಯ್ಯುವ ನಾನು, ಅಕ್ಕನಿಗೆ ಹೇಳಿದ್ದೇನು? ಕಿಟ್ ತಪ್ಪು ಅಂತ ನನಗೆ ಗೊತ್ತಿತ್ತಾ? ಇಲ್ಲ. ಲ್ಯಾಬ್ ಸರಿ ಅಂತ ಗೊತ್ತಿತ್ತಾ? ಅದೂ ಇಲ್ಲ. ಬರೀ ಕಾಗದದ ಮೇಲೆ ಮುದ್ರೆ ಇತ್ತು ಅಷ್ಟೇ. ಸರಿ, ಫೋನಿನಲ್ಲೇ ಓದೋಕೆ ಶುರು ಮಾಡಿದೆ.

ಮೊದಲು ಕರಿ ಬಾಟ್ಲಿ ಕಥೆ. ಇದು ನಮ್ಮ ದೇಶದ್ದೇ ವಿಧಾನ. 1982ರಲ್ಲಿ ಮಂಜಾ, ಮೌರ್ಯ ಮತ್ತು ರಾವ್ ಅನ್ನೋ ಮೂವರು ಇದನ್ನು ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಪ್ರಕಟಿಸಿದರು. ಬಾಟ್ಲಿಯೊಳಗೆ ಒಂದು ಒಣಗಿದ ಕಾಗದದ ಪಟ್ಟಿ, ಅದರಲ್ಲಿ ಬ್ಯಾಕ್ಟೀರಿಯಾಗೆ ಆಹಾರ, ಥಯೋಸಲ್ಫೇಟ್ ಮತ್ತು ಕಬ್ಬಿಣದ ಒಂದು ಲವಣ. ಸುಮಾರು 20 ಮಿಲಿಲೀಟರ್ ನೀರು ಹಾಕಿ ಬೆಚ್ಚಗೆ ಇಟ್ಟರೆ ಕೆಲವು ಜಾತಿಯ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಅನಿಲ ಬಿಡುತ್ತವೆ. ಅದು ಕಬ್ಬಿಣದ ಜೊತೆ ಸೇರಿ ಕಪ್ಪಾಗುತ್ತೆ. ಕರೆಂಟ್ ಬೇಡ, ಸೂಕ್ಷ್ಮದರ್ಶಕ ಬೇಡ. ಎಷ್ಟು ಚೆಂದದ ಯೋಚನೆ ನೋಡಿ!

ಆದರೆ ಇಲ್ಲೇ ಒಂದು ಗುಟ್ಟಿದೆ. ಹೀಗೆ ಕಪ್ಪು ಮಾಡುವುದು ಸಾಲ್ಮೊನೆಲ್ಲಾ, ಸಿಟ್ರೋಬ್ಯಾಕ್ಟರ್, ಪ್ರೋಟಿಯಸ್, ಕ್ಲಾಸ್ಟ್ರಿಡಿಯಂ ಇಂಥವು. ಇ. ಕೋಲೈ ಸಾಮಾನ್ಯವಾಗಿ ಈ ಅನಿಲ ಬಿಡೋದೇ ಇಲ್ಲ! ಅಂದರೆ ಅಕ್ಕನ ಬಾಟ್ಲಿ ಹುಡುಕಿದ್ದು ಒಂದನ್ನ, ಲ್ಯಾಬ್ ಹುಡುಕಿದ್ದು ಇನ್ನೊಂದನ್ನ. ಒಬ್ಬರು "ಮನೆಯಲ್ಲಿ ಬೆಕ್ಕಿದೆ" ಅಂದರೆ ಇನ್ನೊಬ್ಬರು "ನಾಯಿ ಇಲ್ಲ" ಅಂದ ಹಾಗೆ. ಎರಡೂ ನಿಜ ಇರಬಹುದು. ಇದನ್ನು ಊರಲ್ಲಿ ಯಾರೂ ಅವಳಿಗೆ ಹೇಳಲಿಲ್ಲ.

ಹಾಗಂತ ಕಿಟ್‌ನದ್ದೇ ಸರಿ ಅಂತಲ್ಲ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ವಿಧಾನದ ಮೇಲೆ ಅಲ್ಲಿಯವರೆಗೆ ಬಂದ ಅಧ್ಯಯನಗಳನ್ನೆಲ್ಲ ಸೇರಿಸಿ ಒಂದು ವಿಮರ್ಶೆ ಹೊರತಂದಿತು. ಅದರಲ್ಲಿ ಎತ್ತಿದ ಮುಖ್ಯ ಅನುಮಾನ ಏನಂದರೆ, ಮಲಕ್ಕೆ ಸಂಬಂಧವೇ ಇಲ್ಲದ, ನೆಲದಾಳದ ನೀರಿನಲ್ಲಿ ತಾವಾಗೇ ಇರುವ ಕೆಲವು ಬ್ಯಾಕ್ಟೀರಿಯಾಗಳೂ ಬಾಟ್ಲಿಯನ್ನು ಕಪ್ಪು ಮಾಡಬಹುದು. ಜೊತೆಗೆ ಒಬ್ಬೊಬ್ಬರು ಒಂದೊಂದು ಅಳತೆಯ ನೀರು, ಒಂದೊಂದು ಉಷ್ಣತೆ, ಒಂದೊಂದು ಅವಧಿ ಬಳಸಿದ್ದರಿಂದ ಫಲಿತಾಂಶಗಳನ್ನು ಹೋಲಿಸೋದೇ ಕಷ್ಟ. ಅಕ್ಕನ ನೀರು ಬೋರಿನದ್ದು. ಹಾಗಾಗಿ ಸುಳ್ಳು ಗಂಟೆ ಹೊಡೆದಿರುವ ಸಾಧ್ಯತೆ ಇದ್ದೇ ಇತ್ತು. ಇನ್ನು ಚಳಿಗಾಲದಲ್ಲಿ ಉಲ್ಟಾ. ಡಿಸೆಂಬರಿನಲ್ಲಿ ಬೀದರಿನ ರಾತ್ರಿ ಹೇಗಿರುತ್ತೆ ಅಂತ ಗೊತ್ತಿದ್ದವರಿಗೆ ಗೊತ್ತು. ಬಾಟ್ಲಿಯನ್ನು ತಣ್ಣನೆ ಗೂಡಿನಲ್ಲಿಟ್ಟರೆ ಬ್ಯಾಕ್ಟೀರಿಯಾ ಬೆಳೆಯೋದೇ ನಿಧಾನ, ಕೊಳೆ ನೀರೂ "ಪಾಸ್" ಆಗಬಹುದು.

ಇನ್ನು ಲ್ಯಾಬಿನ ವರದಿ. ಅಕ್ಕನ ಫೋನಿನಲ್ಲಿ ಅದರ ಫೋಟೋ ಇತ್ತು. ದೊಡ್ಡದು ಮಾಡಿ ಮಾಡಿ ನೋಡಿದೆ. ನೀರು ಹಿಡಿದ ಹೊತ್ತು ಇಲ್ಲ. ಲ್ಯಾಬಿಗೆ ತಲುಪಿದ ಹೊತ್ತು ಇಲ್ಲ. ಯಾವ ವಿಧಾನ ಅಂತ ಇಲ್ಲ. ಎಷ್ಟು ನೀರು ಪರೀಕ್ಷೆ ಮಾಡಿದರು ಅಂತ ಇಲ್ಲ. ಬರೀ "ಪತ್ತೆಯಾಗಿಲ್ಲ".

ಇವೆಲ್ಲ ಸಣ್ಣ ವಿಷಯ ಅಲ್ಲ ಗೆಳೆಯರೇ. ನೀರಿನ ಮಾದರಿಯನ್ನು ತಂಪಾಗಿಟ್ಟು ಆದಷ್ಟು ಬೇಗ, ಹೆಚ್ಚೆಂದರೆ ಒಂದು ದಿನದೊಳಗೆ, ಪರೀಕ್ಷೆಗೆ ಇಡಬೇಕು. ಬಸ್ಸಿನ ಸೀಟಿನ ಕೆಳಗೆ ಬಿಸಿಲಲ್ಲಿ ಎರಡು ದಿನ ಕಳೆದ ಬಾಟ್ಲಿಯಲ್ಲಿ ಇರೋ ಜೀವಿಗಳು ಬಾವಿಯಲ್ಲಿದ್ದವಲ್ಲ. ಕೆಲವು ಸತ್ತಿರುತ್ತವೆ, ಕೆಲವು ಹತ್ತು ಪಟ್ಟಾಗಿರುತ್ತವೆ. ಕ್ಲೋರಿನ್ ಹಾಕಿದ ನೀರಾದರೆ ಬಾಟ್ಲಿಯಲ್ಲಿ ಮೊದಲೇ ಸ್ವಲ್ಪ ಥಯೋಸಲ್ಫೇಟ್ ಹಾಕಿ ಆ ಕ್ಲೋರಿನ್ ನಿಲ್ಲಿಸಬೇಕು. ಇಲ್ಲದಿದ್ದರೆ ದಾರಿಯುದ್ದಕ್ಕೂ ಅದು ಬ್ಯಾಕ್ಟೀರಿಯಾ ಕೊಲ್ಲುತ್ತಾ ಹೋಗಿ, ಕಡೆಗೆ ಲ್ಯಾಬಿನವರು ಪ್ರಾಮಾಣಿಕವಾಗೇ "ಇಲ್ಲ" ಅಂತ ಬರೀತಾರೆ.

ಈಗ ಸ್ವಲ್ಪ ಗಣಿತ. (ಓಡಿಹೋಗಬೇಡಿ!) ಭಾರತದ ಕುಡಿಯುವ ನೀರಿನ ಮಾನಕ ಐಎಸ್ 10500, 2012ರ ಆವೃತ್ತಿ. ಅದರ ಪ್ರಕಾರ ಯಾವುದೇ 100 ಮಿಲಿಲೀಟರ್ ಮಾದರಿಯಲ್ಲೂ ಇ. ಕೋಲೈ ಪತ್ತೆಯಾಗಕೂಡದು. ಸರಿ. ಒಂದು ಬಾವಿಯಲ್ಲಿ ಸರಾಸರಿ 100 ಮಿಲಿಲೀಟರಿಗೆ ಒಂದು ಇ. ಕೋಲೈ ಇದೆ ಅಂದುಕೊಳ್ಳಿ. ನೀವು 100 ಮಿಲಿಲೀಟರ್ ತೆಗೆದುಕೊಂಡರೆ ಅದರಲ್ಲಿ ಒಂದೂ ಸಿಗದಿರುವ ಸಾಧ್ಯತೆ ಎಷ್ಟು? ಎಂ-4ರಲ್ಲಿ ಕಲಿತು ಪರೀಕ್ಷೆ ಮುಗಿದ ದಿನವೇ ಮರೆತಿದ್ದ ಪಾಯ್ಸನ್ ವಿತರಣೆ ಇಲ್ಲಿ ಕೆಲಸಕ್ಕೆ ಬಂತು: ಶೇಕಡಾ 37. ಅಂದರೆ ಲ್ಯಾಬ್ ಒಂದೂ ತಪ್ಪು ಮಾಡದಿದ್ದರೂ ಮೂರು ಸಲದಲ್ಲಿ ಒಂದು ಸಲಕ್ಕಿಂತ ಹೆಚ್ಚು "ಪತ್ತೆಯಾಗಿಲ್ಲ" ಅಂತಲೇ ಬರುತ್ತೆ. ಅದೇ 20 ಮಿಲಿಲೀಟರ್ ಆದರೆ ಶೇಕಡಾ 82! ಚೀಲ ತೊಗರಿಬೇಳೆಯಲ್ಲಿ ಹತ್ತು ಹರಳಿದ್ದರೆ, ಒಂದು ಹಿಡಿ ತೆಗೆದು "ಹರಳಿಲ್ಲ" ಅಂದ ಹಾಗೆ. ಹಿಡಿಯಲ್ಲಿ ಇಲ್ಲ ಅನ್ನೋದು ನಿಜ. ಚೀಲದಲ್ಲಿ ಇಲ್ಲ ಅನ್ನೋದು ಬೇರೆ ಮಾತು.

ಎಣಿಸುವ ವಿಧಾನಗಳದ್ದೂ ಇದೇ ಕಥೆ. ಎಂಪಿಎನ್ ಅಂತ ಒಂದಿದೆ, ಹೆಚ್ಚೂಕಡಿಮೆ ನೂರು ವರ್ಷದಿಂದ ಬಳಕೆಯಲ್ಲಿದೆ. 10, 1, 0.1 ಮಿಲಿಲೀಟರ್ ನೀರನ್ನು ಐದೈದು ಕೊಳವೆಗಳಲ್ಲಿ ಹಾಕಿ, ಎಷ್ಟು ಕೊಳವೆಯಲ್ಲಿ ಬೆಳವಣಿಗೆ ಬಂತು ಅಂತ ನೋಡಿ, ಕೋಷ್ಟಕದಿಂದ ಸಂಖ್ಯೆ ತೆಗೆಯೋದು. ಮೊದಲ ಐದರಲ್ಲಿ ಐದೂ ಬಂದು ಉಳಿದವು ಖಾಲಿ ಇದ್ದರೆ ಉತ್ತರ 100 ಮಿಲಿಲೀಟರಿಗೆ 23. ನೋಡೋಕೆ ಎಷ್ಟು ಖಚಿತ! ಆದರೆ ಅದೇ ಕೋಷ್ಟಕದ ಪಕ್ಕದ ಕಾಲಂನಲ್ಲಿ ನಿಜವಾದ ಸಂಖ್ಯೆ ಸುಮಾರು 7ರಿಂದ 70ರ ನಡುವೆ ಎಲ್ಲಾದರೂ ಇರಬಹುದು ಅಂತ ಬರೆದಿರುತ್ತೆ. ವರದಿಗೆ 23 ಬರುತ್ತೆ, ಪಕ್ಕದ ಕಾಲಂ ಲ್ಯಾಬಿನಲ್ಲೇ ಉಳಿಯುತ್ತೆ.

ಹಾಗಾದರೆ ಯಾವುದನ್ನೂ ನಂಬಬಾರದಾ? ಅಲ್ಲ ಅಲ್ಲ. ನಂಬೋಕೆ ಒಂದು ಕ್ರಮ ಇದೆ, ಅದಕ್ಕೇ ವ್ಯಾಲಿಡೇಶನ್ ಅನ್ನೋದು. ಅಂದರೆ ಪರೀಕ್ಷೆಗೇ ಪರೀಕ್ಷೆ. ಒಂದು ವಿಧಾನವನ್ನು ಬಳಕೆಗೆ ಬಿಡುವ ಮೊದಲು, ಇದೆ ಅಂತ ಗೊತ್ತಿರುವ ನೀರನ್ನು ಕೊಟ್ಟು ಎಷ್ಟು ಸಲ ಹಿಡಿಯಿತು, ಇಲ್ಲ ಅಂತ ಗೊತ್ತಿರುವ ನೀರು ಕೊಟ್ಟಾಗ ಎಷ್ಟು ಸಲ ಸುಮ್ಮನಿತ್ತು, ಎಷ್ಟು ಕಡಿಮೆ ಇದ್ದರೂ ಹಿಡಿಯುತ್ತೆ, ಬೇರೆ ಲ್ಯಾಬಿನಲ್ಲಿ ಬೇರೆಯವರು ಮಾಡಿದರೂ ಅದೇ ಬರುತ್ತಾ ಅಂತ ಲೆಕ್ಕ ಹಾಕಿ ತೋರಿಸೋದು. ಆಹಾರದ ಸೂಕ್ಷ್ಮಜೀವಿ ಪರೀಕ್ಷೆಗಳಿಗೆ ಐಎಸ್‌ಒ 16140 ಅನ್ನೋ ಮಾನಕಗಳ ಸರಣಿಯೇ ಇದೆ, ನೀರಿನಲ್ಲಿ ಎಣಿಸುವ ವಿಧಾನಗಳಿಗೆ ಐಎಸ್‌ಒ 13843. ಅಷ್ಟಕ್ಕೇ ಮುಗಿಯಲ್ಲ. ಎಲ್ಲೋ ಪಾಸಾದ ವಿಧಾನ "ನಮ್ಮ ಲ್ಯಾಬಿನಲ್ಲಿ, ನಮ್ಮ ಕೈಯಲ್ಲಿ" ಕೆಲಸ ಮಾಡುತ್ತಾ ಅಂತಲೂ ತೋರಿಸಬೇಕು, ಅದಕ್ಕೆ ವೆರಿಫಿಕೇಶನ್ ಅಂತಾರೆ. 2021ರಲ್ಲಿ ಬಂದ 16140ರ ಮೂರನೇ ಭಾಗ ಪೂರ್ತಿ ಇದರ ಬಗ್ಗೆಯೇ. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ "ನನ್ನ ಮಷೀನಿನಲ್ಲಿ ಸರಿ ಓಡ್ತಿತ್ತು ಸಾರ್" ಅನ್ನೋ ನೆಪ ಇಲ್ಲಿ ನಡೆಯಲ್ಲ :-)

ಒಳ್ಳೆಯ ವಿಧಾನಕ್ಕೂ ಕುರುಡು ಜಾಗ ಇರುತ್ತೆ. ಕಿಣ್ವ ಬಳಸಿ ಇ. ಕೋಲೈಯನ್ನು ನೀಲಿಯಾಗಿ ಹೊಳೆಯುವಂತೆ ಮಾಡುವ ಆಧುನಿಕ ಪರೀಕ್ಷೆಗಳಿವೆ, ಜಗತ್ತೆಲ್ಲ ಒಪ್ಪಿದ್ದು. ಆದರೆ ಇ. ಕೋಲೈಗಳಲ್ಲೇ ಅತಿ ಅಪಾಯದ ಓ157 ಅನ್ನೋ ಬಗೆಯಲ್ಲಿ ಸಾಮಾನ್ಯವಾಗಿ ಆ ಕಿಣ್ವ ಕೆಲಸ ಮಾಡಲ್ಲ, ಅದು ಹೊಳೆಯಲ್ಲ. ಇದು ಗೊತ್ತಿರೋದಕ್ಕೆ ಕಾರಣ ಯಾರೋ ಕೂತು ಆ ಪರೀಕ್ಷೆಯನ್ನು ಪರೀಕ್ಷಿಸಿದ್ದು. ಗೊತ್ತಿರುವ ಕುರುಡು ಜಾಗದ ಜೊತೆ ಬದುಕಬಹುದು. ಗೊತ್ತಿಲ್ಲದ್ದರ ಜೊತೆ ಕಷ್ಟ.

ಇರಲಿ, ಅಕ್ಕನ ವಿಷಯಕ್ಕೆ ಬರ್ತೀನಿ. ರಜೆ ಇನ್ನೂ ಮೂರು ದಿನ ಇತ್ತು. ಅವಳನ್ನು ಬಿಡೋಕೆ ಅವರ ಊರಿಗೆ ಹೋದೆ. "ಆ ಡಬ್ಬಿ ತೆಗಿ ಅಕ್ಕಾ" ಅಂದೆ. ಮೊದಲು ಒಲ್ಲೆ ಅಂದಳು. ನಾನು ತಪ್ಪಾಯ್ತು ಅಂದ ಮೇಲೆ ತೆಗೆದಳು. ಅವಧಿ ಮುಗಿಯದ ಐದು ಬಾಟ್ಲಿ ಇದ್ದವು. ಮೂರಕ್ಕೆ ಅದೇ ಬೋರಿಂಗಿನ ನೀರು. ಒಂದಕ್ಕೆ ಅದೇ ನೀರನ್ನು ಚೆನ್ನಾಗಿ ಕುದಿಸಿ ಮುಚ್ಚಿ ಆರಿಸಿದ್ದು. ಬಾಟ್ಲಿಯಲ್ಲೇ ದೋಷ ಇದ್ದರೆ ಇದೂ ಕಪ್ಪಾಗಬೇಕು. ಇನ್ನೊಂದಕ್ಕೆ ಕುದಿಸಿ ಆರಿಸಿದ ನೀರಿಗೆ ಗಟಾರದ್ದು ನಾಲ್ಕು ಹನಿ. ಕಿಟ್ ಸತ್ತಿದ್ದರೆ ಇದು ಕಪ್ಪಾಗಬಾರದು. ಐದಕ್ಕೂ ಬರೀ ನಂಬರ್ ಬರೆದು, ಯಾವುದು ಯಾವುದು ಅನ್ನೋದು ಅಕ್ಕನ ನೋಟ್‌ಬುಕ್ಕಿನಲ್ಲಿ ಮಾತ್ರ. ಬೆಚ್ಚಗಿರಲಿ ಅಂತ ಅಡುಗೆಮನೆಯಲ್ಲಿ ಒಲೆಯಿಂದ ಸ್ವಲ್ಪ ದೂರಕ್ಕೆ ಇಟ್ಟೆವು.

ಮರುದಿನ ಸಂಜೆ ನೋಡಿದರೆ ಕುದಿಸಿದ್ದು ತಿಳಿ. ಗಟಾರದ್ದು ಇದ್ದಿಲು. ಬೋರಿಂಗಿನ ಮೂರರಲ್ಲಿ ಎರಡು ಕಪ್ಪು, ಒಂದು ತಿಳಿ. ಆ ತಿಳಿಯಾದ ಒಂದನ್ನು ನೋಡಿ ನನಗೆ ಪಾಯ್ಸನ್ ನೆನಪಾಯ್ತು. ಅಕ್ಕ ಅಂದಳು, "ಇದೊಂದೇ ಮಾಡಿದ್ದರ ನೀರು ಛಲೋ ಅದ ಅಂತಿದ್ದೆ ನೋಡು." ಇಡೀ ಲೇಖನದ ಸಾರ ಅವಳೇ ಹೇಳಿಬಿಟ್ಟಳು!

ಇದರಿಂದ ನೀರಿನಲ್ಲಿ ಮಲ ಇದೆ ಅಂತ ಸಾಬೀತಾಗಲ್ಲ, ಅದನ್ನು ಅವಳಿಗೂ ಹೇಳಿದೆ. ನೆಲದಾಳದ ಬ್ಯಾಕ್ಟೀರಿಯಾದ ಅನುಮಾನ ಹಾಗೇ ಉಳಿಯುತ್ತೆ. ಆದರೆ ಕಿಟ್ ಸತ್ತಿಲ್ಲ, ಸುಮ್ಮಸುಮ್ಮನೆ ಕಪ್ಪಾಗುತ್ತಿಲ್ಲ ಅಂತ ತೋರಿಸಲು ಇಷ್ಟು ಸಾಕು. ಮರುದಿನ ಅವಳೇ ಐದೂ ಬಾಟ್ಲಿಯನ್ನು ತಾಟಿನಲ್ಲಿಟ್ಟುಕೊಂಡು ಹೋಗಿ ಊರಿನ ಹಿರಿಯರ ಮುಂದೆ ಇಟ್ಟಳು. ಭಾಷಣ ಮಾಡಲಿಲ್ಲ. "ಇದು ಗಟಾರದ್ದು, ಇವೆರಡು ನಾವು ಕುಡಿಯೂದು, ನೋಡ್ರಿ" ಅಂದಳಷ್ಟೇ. ಮತ್ತೆ ನೀರು ಕಳಿಸಲು ಒಪ್ಪಿದರು. ಈ ಸಲ ಬರ್ಫದ ಡಬ್ಬಿಯಲ್ಲಿ, ಹೊತ್ತು ಬರೆದು, ಅದೇ ದಿನ. ವರದಿ ಬಂತು: ಇ. ಕೋಲೈ ಇಲ್ಲ, ಆದರೆ ಕೋಲಿಫಾರ್ಮ್ ಇದೆ. ಅಂದರೆ ಅಕ್ಕ ಪೂರ್ತಿ ಗೆಲ್ಲಲಿಲ್ಲ, ಸೋಲಲೂ ಇಲ್ಲ. ಮೇಲಿನ ನೀರು ಎಲ್ಲೋ ಒಳಗೆ ಇಳೀತಿದೆ ಅನ್ನೋ ಸೂಚನೆ ಅದು. ನೋಡಿದರೆ ಪಂಪಿನ ಕಟ್ಟೆ ಬಿರುಕು ಬಿಟ್ಟಿತ್ತು, ಮಳೆ ನೀರು ನಿಂತು ಅಲ್ಲೇ ಇಂಗುತ್ತಿತ್ತು. ಈಗ ಕಟ್ಟೆಗೆ ಸಿಮೆಂಟ್ ಬಿದ್ದಿದೆ. ಕಪ್ಪಾದ ಬಾಟ್ಲಿಗಳಿಗೆ ಬ್ಲೀಚಿಂಗ್ ಪುಡಿ ಹಾಕಿಟ್ಟು ಆಮೇಲೆ ಚೆಲ್ಲಿದೆವು.

ನನ್ನ ವಾದ ಇಷ್ಟೇ. ಸೂಕ್ಷ್ಮಜೀವಿಗಳ ಬಗ್ಗೆ ಬರುವ ಪ್ರತಿ ವರದಿ ತನ್ನ ಮಿತಿಯನ್ನೂ ತಾನೇ ಹೇಳಬೇಕು. ಯಾವ ವಿಧಾನ, ಎಷ್ಟು ನೀರು, ಹಿಡಿದದ್ದು ಯಾವಾಗ ಪರೀಕ್ಷೆಗೆ ಇಟ್ಟಿದ್ದು ಯಾವಾಗ, ಎಷ್ಟಕ್ಕಿಂತ ಕಡಿಮೆ ಇದ್ದರೆ ಈ ವಿಧಾನಕ್ಕೆ ಕಾಣಲ್ಲ. ನಾಲ್ಕು ಸಾಲು. ಹಾಗೆಯೇ ಹಳ್ಳಿಯ ಕಿಟ್ ಜೊತೆ ಎರಡು ಬಾಟ್ಲಿ ಹೆಚ್ಚು ಕೊಡಲಿ, ಒಂದು ಕುದಿಸಿದ ನೀರಿಗೆ, ಒಂದು ಕೊಳೆ ನೀರಿಗೆ. ತರಬೇತಿಯಲ್ಲಿ "ಕಪ್ಪಾದರೆ ಕೆಟ್ಟಿದ್ದು" ಅಂತ ಮಾತ್ರ ಹೇಳದೆ, ಯಾವಾಗ ಸುಳ್ಳಾಗಬಹುದು ಅಂತಲೂ ಹೇಳಲಿ.

"ಇದೆಲ್ಲ ಶ್ರೀಮಂತ ದೇಶದ ಮಾತು, ಲ್ಯಾಬಿನವರಿಗೆ ಈಗಲೇ ಉಸಿರಾಡೋಕೆ ಪುರುಸೊತ್ತಿಲ್ಲ" ಅಂತ ಒಬ್ಬ ಗೆಳೆಯ ಅಂದ. ಅವರ ಕಷ್ಟ ನಿಜ, ಅವರನ್ನು ಬೈಯೋದು ನನ್ನ ಉದ್ದೇಶವೇ ಅಲ್ಲ. ಆದರೆ ಹೊತ್ತು ಬರೆಯೋಕೆ ದುಡ್ಡು ಬೇಕಾ? ಇನ್ನೊಬ್ಬರು "ಅನುಮಾನ ಹೇಳಿದರೆ ಜನ ಯಾವುದನ್ನೂ ನಂಬಲ್ಲ" ಅಂದರು. ಕೊರೋನಾ ಕಾಲ ನೆನಪು ಮಾಡಿಕೊಳ್ಳಿ. ರ‍್ಯಾಪಿಡ್ ಟೆಸ್ಟ್‌ನಲ್ಲಿ ನೆಗೆಟಿವ್ ಬಂದು ರೋಗಲಕ್ಷಣ ಇದ್ದರೆ ಆರ್‌ಟಿ-ಪಿಸಿಆರ್ ಮಾಡಿಸಿ ಅಂತ ಐಸಿಎಂಆರ್ 2020ರಲ್ಲೇ ಹೇಳಿತ್ತು. ನಮ್ಮ ಸಂತಪುರದ ಚಹಾದಂಗಡಿಯಲ್ಲೂ ಜನ ಅದನ್ನು ಅರ್ಥ ಮಾಡಿಕೊಂಡಿದ್ದರು. ಜನರಿಗೆ ಅನುಮಾನ ಅರ್ಥವಾಗುತ್ತೆ. ಮುಚ್ಚಿಟ್ಟದ್ದು ಆಮೇಲೆ ಬಯಲಾದಾಗಲೇ ನಂಬಿಕೆ ಹೋಗೋದು. 2022ರಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದು ನಮ್ಮದೇ ರಾಜ್ಯದ ರಾಯಚೂರಿನಲ್ಲಿ. ತಪ್ಪಾಗಿ ಕೂಗಿದ ಗಂಟೆಗೆ ಒಂದು ವಾರ ನೀರು ಕುದಿಸಿದರೆ ಸೌದೆ, ಗ್ಯಾಸು ಖರ್ಚು. ಕೂಗಬೇಕಾದ ಗಂಟೆ ಕೂಗದಿದ್ದರೆ ಖರ್ಚೇನು ಅಂತ ಬರೀಬೇಕಿಲ್ಲ.

ಮೊನ್ನೆ ಅಕ್ಕ ಫೋಟೋ ಕಳಿಸಿದ್ದಳು. ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದು ಕಾಲಂ ಮಾಡಿದ್ದಾಳೆ: ಯಾವ ನೀರು, ಹಿಡಿದ ಹೊತ್ತು, ಇಟ್ಟ ಜಾಗ, ಕುದಿಸಿದ್ದು ತಿಳಿ ಇತ್ತೇ, ಗಟಾರದ್ದು ಕಪ್ಪಾಯ್ತೇ. ಕಡೆಯ ಕಾಲಂ "ನಂಬಬಹುದೇ?" ನಮ್ಮ ಆಫೀಸಿನ ಟೆಸ್ಟ್ ರಿಪೋರ್ಟಿನಲ್ಲೂ ಆ ಕಾಲಂ ಇಲ್ಲ ನೋಡಿ :-)

ನಿಮ್ಮ ಊರಿನ ನೀರಿನ ವರದಿ ಯಾವತ್ತಾದರೂ ಕೈಗೆ ಸಿಕ್ಕಿದೆಯಾ? ಅದರಲ್ಲಿ ಆ ನಾಲ್ಕು ಸಾಲು ಇದ್ದವಾ? ನೋಡಿ ಹೇಳಿ, ಕಾಯ್ತಿರ್ತೀನಿ.